ಎಂ42 ಅನ್ನು ಆರು ಸಲ ಪ್ರೊಸೆಸ್ ಮಾಡಿದೆ, ಆರೂ ಬೇರೆ ಬೇರೆ ಬಂತು. ಯಾವುದು ಸರಿ?

ಹೊಸಬೆಳಕು
ಎಲ್ಲರಿಗೂ ನಮಸ್ಕಾರ. ಡೀಪ್ ಸ್ಕೈ ಫೋಟೋ (ನೀಹಾರಿಕೆ, ಗ್ಯಾಲಕ್ಸಿಯಂಥ ದೂರದ ವಸ್ತುಗಳ ಫೋಟೋ) ತೆಗೆಯಲು ಶುರು ಮಾಡಿ ಮೂರು ತಿಂಗಳಾಯಿತು. ಪೋಲಾರ್ ಅಲೈನ್‌ಮೆಂಟ್ (ಮೌಂಟಿನ ಅಕ್ಷವನ್ನು ಧ್ರುವದ ಕಡೆ ಹೊಂದಿಸುವುದು), ಫೋಕಸ್ ಇವೆಲ್ಲ ಒಂದು ಮಟ್ಟಕ್ಕೆ ಕೈಗೆ ಬಂದಿವೆ. ಪ್ರೊಸೆಸಿಂಗ್ ಮಾತ್ರ ತಲೆಗೆ ಹತ್ತುತ್ತಿಲ್ಲ.

ಗುರಿ ಎಂ42, ಅಂದರೆ ಒರಾಯನ್ ನೀಹಾರಿಕೆ. ಮಾರ್ಪಾಡು ಮಾಡದ ಡಿಎಸ್‌ಎಲ್‌ಆರ್, 400 ಎಂಎಂ ಫೋಕಲ್ ಲೆಂತ್‌ನ ಚಿಕ್ಕ ರಿಫ್ರಾಕ್ಟರ್ (ಮಸೂರದ ಟೆಲಿಸ್ಕೋಪ್), ನಕ್ಷತ್ರಗಳನ್ನು ಟ್ರ್ಯಾಕ್ ಮಾಡುವ ಮೌಂಟ್. ಐಎಸ್‌ಒ 800, ತಲಾ 60 ಸೆಕೆಂಡಿನ 120 ಫ್ರೇಮ್, ಒಟ್ಟು ಎರಡು ಗಂಟೆ. ಕ್ಯಾಮೆರಾದ ದೋಷ ಕಳೆಯಲು ಮುಚ್ಚಳ ಹಾಕಿ ತೆಗೆದ ಫ್ರೇಮ್‌ಗಳು: ಡಾರ್ಕ್ (ಅಷ್ಟೇ ಎಕ್ಸ್‌ಪೋಷರ್) 20, ಬಯಾಸ್ (ಅತಿ ಕಿರು ಎಕ್ಸ್‌ಪೋಷರ್) 50. ಫ್ಲ್ಯಾಟ್, ಅಂದರೆ ಸಮನಾದ ಬೆಳಕಿನ ಫ್ರೇಮ್, ತೆಗೆದಿಲ್ಲ. ಸಿರಿಲ್ ಅನ್ನುವ ತಂತ್ರಾಂಶದಲ್ಲಿ ಸ್ಟ್ಯಾಕ್ ಮಾಡಿದೆ, ಅಂದರೆ ಎಲ್ಲ ಫ್ರೇಮ್ ಒಂದಾಗಿ ಸೇರಿಸಿದೆ.

ಮೊದಲ ಸಲ ಪರದೆಯ ಮೇಲೆ ಚೆನ್ನಾಗಿ ಕಂಡಿತು, ಜೆಪಿಜಿ ಆಗಿ ಸೇವ್ ಮಾಡಿ ತೆರೆದರೆ ಪೂರ್ತಿ ಕಪ್ಪು. ಆಮೇಲೆ ಏನೇನೋ ಎಳೆದಾಡಿ ಐದು ಆವೃತ್ತಿ ಮಾಡಿದೆ. ಒಂದು ಹಸಿರು, ಒಂದು ಗುಲಾಬಿ, ಒಂದರಲ್ಲಿ ಹಿನ್ನೆಲೆ ಇದ್ದಿಲಿನ ಹಾಗೆ. ಎಲ್ಲದರಲ್ಲೂ ನಡುವೆ ಒಂದು ಬಿಳಿ ಮುದ್ದೆ, ಮೂಲೆಗಳಲ್ಲಿ ಕತ್ತಲು, ಎಡಗಡೆ ಕಿತ್ತಳೆ ಬಣ್ಣದ ಹೊಗೆ.

ನನ್ನ ಪ್ರಶ್ನೆ ಇಷ್ಟೇ. ಇದರಲ್ಲಿ ‘ಸರಿ’ ಅನ್ನುವುದು ಇದೆಯಾ? ಇದ್ದರೆ ಅದು ಬಂತು ಅಂತ ಗೊತ್ತಾಗುವುದು ಹೇಗೆ?

ಅಮಾವಾಸ್ಯೆ_ಪ್ರಿಯ
ಫ್ಲ್ಯಾಟ್ ತೆಗೆದಿಲ್ಲ ಅಂದಿರಲ್ಲ, ಮೂಲೆಯ ಕತ್ತಲಿಗೆ ಉತ್ತರ ಅಲ್ಲೇ ಇದೆ.

ಫೋಟಾನ್_ಬೇಟೆ
ಮೊದಲು ಆ ಕಪ್ಪು ಜೆಪಿಜಿ ನೋಡೋಣ. ಫೈಲ್ ಕೆಟ್ಟಿಲ್ಲ.

ಸೆನ್ಸರ್ ಬೆಳಕನ್ನು ನೇರ ಲೆಕ್ಕದಲ್ಲಿ ಎಣಿಸುತ್ತದೆ. ಎರಡರಷ್ಟು ಬೆಳಕು ಬಿದ್ದರೆ ಎರಡರಷ್ಟು ಸಂಖ್ಯೆ. ಇದಕ್ಕೇ ಲೀನಿಯರ್ ಡೇಟಾ ಅನ್ನುವುದು. ನಕ್ಷತ್ರಗಳ ಮುಂದೆ ನೀಹಾರಿಕೆಯ ಬೆಳಕು ತೀರಾ ಮಂಕು. ಹಾಗಾಗಿ ಅದೆಲ್ಲ ಅಳತೆಯ ಕೆಳತುದಿಯಲ್ಲಿ ಒತ್ತಿಕೊಂಡು ಕೂತಿರುತ್ತದೆ. ಹಿಸ್ಟೋಗ್ರಾಮ್ (ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಅನ್ನುವ ನಕ್ಷೆ) ತೆರೆದು ನೋಡಿ, ಎಡಗಡೆಗೆ ಅಂಟಿಕೊಂಡ ಒಂದು ಸೂಜಿ ಕಾಣುತ್ತದೆ. ನಿಮ್ಮ ಎರಡು ಗಂಟೆಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಆ ಸೂಜಿಯೊಳಗಿದೆ. ಅದನ್ನು ಬಲಕ್ಕೆ ಹಿಗ್ಗಿಸುವುದೇ ಸ್ಟ್ರೆಚ್.

ಸಿರಿಲ್ ಪರದೆಯ ಕೆಳಗೆ ‘ಲೀನಿಯರ್’, ‘ಆಟೋಸ್ಟ್ರೆಚ್’ ಅಂತ ನೋಟ ಬದಲಿಸುವ ಆಯ್ಕೆ ಇದೆ. ಆಟೋಸ್ಟ್ರೆಚ್ ನಿಮ್ಮ ಕಣ್ಣಿಗೆ ಹಾಕಿದ ಕನ್ನಡಕ, ಅಷ್ಟೆ. ಚಿತ್ರವನ್ನು ಅದು ಮುಟ್ಟುವುದಿಲ್ಲ. ನೀವು ಕನ್ನಡಕ ಹಾಕಿಕೊಂಡು ನೋಡಿ, ಕನ್ನಡಕವಿಲ್ಲದ ಚಿತ್ರವನ್ನು ಸೇವ್ ಮಾಡಿದ್ದೀರಿ. ನಿಜವಾದ ಸ್ಟ್ರೆಚ್ ಮಾಡುವಾಗ ನೋಟವನ್ನು ಲೀನಿಯರ್‌ಗೆ ತಂದುಕೊಳ್ಳಿ. ಇಲ್ಲವಾದರೆ ಸ್ಟ್ರೆಚ್‌ನ ಮೇಲೆ ಸ್ಟ್ರೆಚ್ ಕಂಡು ಎಲ್ಲ ಬೆಳ್ಳಗಾಗುತ್ತದೆ, ನೀವು ಗಾಬರಿಯಾಗಿ ಕಡಿಮೆ ಎಳೆಯುತ್ತೀರಿ.

ಹೊಸಬೆಳಕು
ಕನ್ನಡಕದ ಮಾತು ಓದಿದ ಕೂಡಲೇ ಅರ್ಥವಾಯಿತು. ಎರಡು ವಾರದಿಂದ ಇದನ್ನೇ ಹುಡುಕುತ್ತಿದ್ದೆ. ಥ್ಯಾಂಕ್ಸ್!

ಕಪ್ಪುಬಿಂದು
ಹಸಿರು ಬಂದರೆ ಚಿಂತೆ ಬೇಡ. ಸಿರಿಲ್‌ನ ‘ರಿಮೂವ್ ಗ್ರೀನ್ ನಾಯ್ಸ್’ ಒತ್ತಿ, ಮುಗಿಯಿತು (ನಾಯ್ಸ್ ಅಂದರೆ ಚಿತ್ರದಲ್ಲಿ ಸೇರಿದ ಬೇಡದ ಕಲೆ, ಕಾಳುಗಳು). ನಾನು ಎಲ್ಲ ಚಿತ್ರಕ್ಕೂ ಮೊದಲ ಹೆಜ್ಜೆಯಲ್ಲೇ ಅದನ್ನು ಮಾಡುತ್ತೇನೆ.

ರೋಹಿಣಿ_27
» ಮೊದಲ ಹೆಜ್ಜೆಯಲ್ಲೇ ಅದನ್ನು ಮಾಡುತ್ತೇನೆ

ಇದನ್ನು ನಾನು ಒಪ್ಪುವುದಿಲ್ಲ, ಅದರಲ್ಲೂ ಎಂ42ಗೆ.

ಹಸಿರು ಎಲ್ಲಿಂದ ಬಂತು ಅಂತ ಮೊದಲು ತಿಳಿಯಬೇಕು. ಬಣ್ಣದ ಕ್ಯಾಮೆರಾದ ಸೆನ್ಸರ್ ಮೇಲೆ ಬೇಯರ್ ಜೋಡಣೆಯ ಫಿಲ್ಟರ್ ಇರುತ್ತದೆ. ಪ್ರತಿ ನಾಲ್ಕು ಪಿಕ್ಸೆಲ್‌ನಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರು ಫಿಲ್ಟರ್ ದಾಟಿ ಬರುವ ಬೆಳಕಿಗೆ ಸೆನ್ಸರ್ ಸ್ಪಂದಿಸುವುದೂ ಸಾಮಾನ್ಯವಾಗಿ ಜಾಸ್ತಿ. ಹಗಲಿನ ಫೋಟೋದಲ್ಲಿ ಕ್ಯಾಮೆರಾ ತಾನೇ ವೈಟ್ ಬ್ಯಾಲೆನ್ಸ್ ಹಾಕಿ ಇದನ್ನು ಸರಿಮಾಡುತ್ತದೆ. ಇಲ್ಲಿ ಆ ಕೆಲಸ ನಮ್ಮದು.

ಅದಕ್ಕೆ ಇರುವ ಸರಿಯಾದ ಸಾಧನ ಫೋಟೊಮೆಟ್ರಿಕ್ ಕಲರ್ ಕ್ಯಾಲಿಬ್ರೇಶನ್. ಅದು ನಿಮ್ಮ ಚಿತ್ರದ ನಕ್ಷತ್ರಗಳನ್ನು ಗುರುತಿಸಿ, ಕ್ಯಾಟಲಾಗ್‌ನಲ್ಲಿ ಅಳೆದಿಟ್ಟ ಬಣ್ಣದ ಜೊತೆ ಹೋಲಿಸಿ ಮೂರು ಚಾನೆಲ್‌ಗಳನ್ನೂ ಹೊಂದಿಸುತ್ತದೆ. ಇದನ್ನು ಸ್ಟ್ರೆಚ್‌ಗೆ ಮೊದಲೇ ಮಾಡಬೇಕು. ಸ್ಟ್ರೆಚ್ ಆದಮೇಲೆ ನಕ್ಷತ್ರಗಳ ಲೆಕ್ಕವೇ ಬದಲಾಗಿರುತ್ತದೆ.

ಇನ್ನು ಎಂ42ರ ವಿಷಯ. ಅದರ ನಡುಭಾಗದಲ್ಲಿ ನಿಜವಾಗಿಯೂ ಹಸಿರು-ನೀಲಿ ಬೆಳಕಿದೆ. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಬೆಳಕು, 500.7 ನ್ಯಾನೊಮೀಟರ್. ಹಸಿರು ತೆಗೆಯುವ ಸಾಧನಕ್ಕೆ ಇದು ನಾಯ್ಸ್, ಇದು ನೀಹಾರಿಕೆ ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಒರೆಸಿಬಿಡುತ್ತದೆ. ಗುಲಾಬಿ ಆವೃತ್ತಿ ಬಂದದ್ದು ಹೀಗೇ ಇರಬೇಕು.

ಹೊಸಬೆಳಕು
ಹೌದು ಮೇಡಂ, ಗುಲಾಬಿ ಬಂದದ್ದು ಆ ಬಟನ್ ಮೂರು ಸಲ ಒತ್ತಿದ ಮೇಲೆ.

ಕಪ್ಪುಬಿಂದು
ನಾನು ತೆಗೆಯುವುದು ಬಹುತೇಕ ಗ್ಯಾಲಕ್ಸಿ. ಅಲ್ಲಿ ಒಂದು ಸಲವೂ ತೊಂದರೆ ಕಂಡಿಲ್ಲ.

ರೋಹಿಣಿ_27
ಗ್ಯಾಲಕ್ಸಿಗೆ ಅದು ನಡೆಯುತ್ತದೆ, ಅಲ್ಲಿ ಮುಖ್ಯವಾಗಿ ನಕ್ಷತ್ರಗಳ ಬೆಳಕು. ನಕ್ಷತ್ರಗಳು ಕೆಂಪು, ಹಳದಿ, ಬಿಳಿ, ನೀಲಿ ಕಾಣುತ್ತವೆ, ಹಸಿರು ಕಾಣುವುದಿಲ್ಲ. ಆದರೆ ಪ್ಲಾನೆಟರಿ ನೀಹಾರಿಕೆ (ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಅನಿಲ), ಧೂಮಕೇತು, ಎಂ42ರ ನಡುಭಾಗ, ಇಲ್ಲೆಲ್ಲ ಹಸಿರು ನಿಜ. ಅಭ್ಯಾಸಬಲದಿಂದ ಒತ್ತಬೇಡಿ ಅನ್ನುವುದಷ್ಟೇ ನನ್ನ ಮಾತು.

ದೂರದರ್ಶಕ_ಅಜ್ಜ
ರೋಹಿಣಿ ಹೇಳಿದ್ದು ನೂರಕ್ಕೆ ನೂರು ಸರಿ. ದೊಡ್ಡ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿದರೆ ಎಂ42ರ ನಡುಭಾಗ ತೆಳು ಹಸಿರಾಗಿಯೇ ಕಾಣುತ್ತದೆ. ನಾನು ಎಷ್ಟೋ ರಾತ್ರಿ ನೋಡಿದ್ದೇನೆ. ಫೋಟೋದ ಕೆಂಪು ನಮ್ಮ ಕಣ್ಣಿಗೆ ರಾತ್ರಿ ದಕ್ಕುವುದೇ ಇಲ್ಲ.

ಈ ಹಸಿರು ಗೆರೆಗೆ ದೊಡ್ಡ ಕಥೆಯಿದೆ. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಒಂದು ಪ್ಲಾನೆಟರಿ ನೀಹಾರಿಕೆಯ ಬೆಳಕನ್ನು ಸ್ಪೆಕ್ಟ್ರೋಸ್ಕೋಪ್‌ನಲ್ಲಿ ನೋಡಿದರು. ಯಾವ ಧಾತುವಿಗೂ ಹೊಂದದ ಹಸಿರು ಗೆರೆಗಳು ಕಂಡವು. ಭೂಮಿಯ ಮೇಲೆ ಇಲ್ಲದ ಹೊಸ ಧಾತು ಇರಬೇಕು ಅಂದುಕೊಂಡು ಅದಕ್ಕೆ ‘ನೆಬ್ಯುಲಿಯಂ’ ಅನ್ನುವ ಹೆಸರೂ ಬಂತು. ಅದು ಆಮ್ಲಜನಕವೇ ಅಂತ ಐರಾ ಬೋವೆನ್ ತೋರಿಸಿಕೊಟ್ಟದ್ದು 1927ರಲ್ಲಿ. ಅರವತ್ತಕ್ಕೂ ಹೆಚ್ಚು ವರ್ಷ ಜನರ ತಲೆ ತಿಂದ ಬೆಳಕು ಅದು. ಒಂದು ಬಟನ್ ಒತ್ತಿ ಅಳಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮೋಡ_ಸರಿಯಲಿ
ಅಜ್ಜಾ, ಇಂಥದ್ದು ಇನ್ನೂ ಬರೆಯಿರಿ!

ಸದ್ದುಗದ್ದಲ
ಒಂದು ಮಾತು. ತಂಪು ಮಾಡದ ಡಿಎಸ್‌ಎಲ್‌ಆರ್‌ಗೆ ಡಾರ್ಕ್ ಫ್ರೇಮ್ ದಂಡ. ಡಾರ್ಕ್ ಕೆಲಸ ಮಾಡಬೇಕಾದರೆ ಆಕಾಶದ ಫ್ರೇಮ್‌ನಷ್ಟೇ, ಅಂದರೆ ಲೈಟ್ ಫ್ರೇಮ್‌ನಷ್ಟೇ ಎಕ್ಸ್‌ಪೋಷರ್, ಅದೇ ಐಎಸ್‌ಒ, ಅದೇ ತಾಪಮಾನ ಬೇಕು. ರಾತ್ರಿ ಶುರುವಿನಲ್ಲಿ ಸೆನ್ಸರ್ ಒಂದು ಬಿಸಿ, ಬೆಳಗಿನ ಜಾವ ಇನ್ನೊಂದು. ಹೊಂದದ ಡಾರ್ಕ್ ಕಳೆದರೆ ಇಲ್ಲದ ಕಲೆ ಸೇರುತ್ತದೆ. ಆ ಸಮಯದಲ್ಲಿ ಇನ್ನೂ 20 ಲೈಟ್ ಫ್ರೇಮ್ ತೆಗೆಯಬಹುದಿತ್ತು. ಡಿದರಿಂಗ್ ಮಾಡಿ (ಕೆಲವು ಫ್ರೇಮ್‌ಗೊಮ್ಮೆ ಟೆಲಿಸ್ಕೋಪನ್ನು ಸ್ವಲ್ಪ ಸರಿಸುವುದು), ಸಾಕು.

ಅಮಾವಾಸ್ಯೆ_ಪ್ರಿಯ
ದಂಡ ಅನ್ನುವುದು ಜಾಸ್ತಿಯಾಯಿತು. ಕೆಲವು ಕ್ಯಾಮೆರಾದಲ್ಲಿ ಆಂಪ್ ಗ್ಲೋ ಬರುತ್ತದೆ, ಚಿತ್ರದ ಅಂಚಿನಲ್ಲಿ ಹೊಳಪಿನ ಪಟ್ಟೆ. ಅದು ಡಾರ್ಕ್ ಇಲ್ಲದೆ ಹೋಗುವುದಿಲ್ಲ. ಡಿದರಿಂಗ್ ಕೆಲವೇ ಪಿಕ್ಸೆಲ್ ಸರಿಸುತ್ತದೆ. ಅಷ್ಟು ಅಗಲದ ಹೊಳಪನ್ನು ಅದು ಏನು ಮಾಡೀತು?

ಸದ್ದುಗದ್ದಲ
ಆಂಪ್ ಗ್ಲೋ ಇರುವ ಕ್ಯಾಮೆರಾಗೆ ಸರಿ, ಒಪ್ಪಿದೆ. ಇವರ ಚಿತ್ರದಲ್ಲಿ ಅದರ ಸುಳಿವೇ ಇಲ್ಲವಲ್ಲ.

ಗಣಿತದ_ಮೇಷ್ಟ್ರು
ಇಬ್ಬರೂ ಎರಡು ಬೇರೆ ನಾಯ್ಸ್‌ಗಳ ಬಗ್ಗೆ ಮಾತಾಡುತ್ತಿದ್ದೀರಿ. ಬಿಡಿಸಿ ಹೇಳುತ್ತೇನೆ.

ಒಂದು, ಪ್ರತಿ ಫ್ರೇಮ್‌ನಲ್ಲೂ ಬೇರೆ ಬೇರೆಯಾಗಿ ಬರುವುದು. ಫೋಟಾನ್‌ಗಳು ಲೆಕ್ಕ ಹಾಕಿಕೊಂಡು ಬಂದು ಬೀಳುವುದಿಲ್ಲ, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಇದು ಸ್ಟ್ಯಾಕಿಂಗ್‌ನಿಂದ ಇಳಿಯುತ್ತದೆ. ಹನಿಗೂಡಿದರೆ ಹಳ್ಳ ಅನ್ನುತ್ತೇವಲ್ಲ, ಹಾಗೆ. ಆದರೆ ಫಲ ಸಿಗುವುದು ವರ್ಗಮೂಲದ ಲೆಕ್ಕದಲ್ಲಿ. 4 ಫ್ರೇಮ್ ಸೇರಿಸಿದರೆ ಸಿಗ್ನಲ್ ಮತ್ತು ನಾಯ್ಸ್‌ನ ಅನುಪಾತ 2 ಪಟ್ಟು, 16 ಸೇರಿಸಿದರೆ 4 ಪಟ್ಟು. ಇವರ 120 ಫ್ರೇಮ್‌ಗೆ ಸುಮಾರು 11 ಪಟ್ಟು. ಈಗಿರುವುದಕ್ಕಿಂತ ಎರಡು ಪಟ್ಟು ಚೆನ್ನಾಗಬೇಕು ಅಂದರೆ 480 ಫ್ರೇಮ್ ಬೇಕು, ಎಂಟು ಗಂಟೆ.

ಇನ್ನೊಂದು, ಪ್ರತಿ ಫ್ರೇಮ್‌ನಲ್ಲೂ ಅದೇ ಜಾಗದಲ್ಲಿ ಇರುವುದು. ಬಿಸಿ ಪಿಕ್ಸೆಲ್, ಸೆನ್ಸರ್‌ನ ಸ್ಥಿರ ಕಲೆಗಳು. ಸಾವಿರ ಫ್ರೇಮ್ ಸೇರಿಸಿದರೂ ಇದು ತಾನಾಗಿ ಹೋಗುವುದಿಲ್ಲ. ಟ್ರ್ಯಾಕಿಂಗ್ ನಿಧಾನಕ್ಕೆ ಜಾರುತ್ತಿದ್ದರೆ ಓರೆ ಮಳೆಯ ಹಾಗೆ ಗೆರೆ ಗೆರೆಯಾಗಿ ಕಾಣುತ್ತದೆ. ಅದೇ ವಾಕಿಂಗ್ ನಾಯ್ಸ್. ಕೆಲವು ಫ್ರೇಮ್‌ಗೊಮ್ಮೆ ಟೆಲಿಸ್ಕೋಪನ್ನು ಒಂದಿಷ್ಟು ಪಿಕ್ಸೆಲ್ ಅತ್ತಿತ್ತ ಸರಿಸಿದರೆ ಕಲೆ ಬೇರೆ ಬೇರೆ ಜಾಗಕ್ಕೆ ಬೀಳುತ್ತದೆ. ಆಗ ಸಿಗ್ಮಾ ಕ್ಲಿಪ್ಪಿಂಗ್ ಅದನ್ನು ಗುಂಪಿಗೆ ಸೇರದ್ದು ಅಂತ ಹೊರಗೆ ಹಾಕುತ್ತದೆ. ಉಪಗ್ರಹದ ಗೆರೆಗಳೂ ಹೋಗುವುದು ಹಾಗೇ.

ನನ್ನ ಅಭಿಪ್ರಾಯದಲ್ಲಿ ಡಿಎಸ್‌ಎಲ್‌ಆರ್‌ಗೆ ಡಿದರಿಂಗ್ ಮೊದಲು, ಡಾರ್ಕ್ ಆಮೇಲೆ. ಫ್ಲ್ಯಾಟ್ ಮಾತ್ರ ಬಿಡುವ ಹಾಗೇ ಇಲ್ಲ.

ಸದ್ದುಗದ್ದಲ
ಮೇಷ್ಟ್ರು ಹೇಳಿದ ಆ ಕೊನೆಯ ಸಾಲಿಗೆ ನನ್ನ ಸಹಿ ಇದೆ.

ಹೊಸಬೆಳಕು
ಹಾಗಾದರೆ ಆ ಕಿತ್ತಳೆ ಹೊಗೆಯೂ ಫ್ಲ್ಯಾಟ್‌ನಿಂದ ಹೋಗುತ್ತದಾ?

ಅಮಾವಾಸ್ಯೆ_ಪ್ರಿಯ
ಇಲ್ಲ, ಅದು ಬೇರೆ ವಿಷಯ. ಬಹಳ ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೂಲೆಯ ಕತ್ತಲು ನಿಮ್ಮ ಟೆಲಿಸ್ಕೋಪಿನೊಳಗಿನ ಸಮಸ್ಯೆ. ಅಂಚಿಗೆ ಬೆಳಕು ಕಡಿಮೆ ತಲುಪುತ್ತದೆ. ಸೆನ್ಸರ್ ಮೇಲಿನ ಧೂಳು ಉಂಗುರದ ಹಾಗೆ ಕಾಣುವುದೂ ಇದೇ ಜಾತಿ. ಇದನ್ನು ಫ್ಲ್ಯಾಟ್‌ನಿಂದ ಭಾಗಿಸಿ ಸರಿಮಾಡಬೇಕು. ಕಿತ್ತಳೆ ಹೊಗೆ ಹೊರಗಿನದು. ದೀಪಗಳ ಬೆಳಕು ಆಕಾಶಕ್ಕೆ ಹರಡಿ, ಒಂದು ಕಡೆ ಜಾಸ್ತಿ ಒಂದು ಕಡೆ ಕಡಿಮೆ ಬಂದು ಸೇರಿಕೊಂಡಿದೆ. ಸೇರಿದ್ದನ್ನು ಕಳೆಯಬೇಕು. ಅದು ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್.

ಫ್ಲ್ಯಾಟ್ ತೆಗೆಯುವುದು ಸುಲಭ. ಅಂದು ರಾತ್ರಿ ಕೆಲಸ ಮುಗಿದ ಮೇಲೆ ಕ್ಯಾಮೆರಾ ಬಿಚ್ಚಬೇಡಿ, ತಿರುಗಿಸಬೇಡಿ, ಫೋಕಸ್ ಮುಟ್ಟಬೇಡಿ. ಟೆಲಿಸ್ಕೋಪಿನ ಬಾಯಿಗೆ ಸುಕ್ಕಿಲ್ಲದ ಬಿಳಿ ಬಟ್ಟೆ ಬಿಗಿದು, ಸಮನಾದ ಬೆಳಕಿನ ಕಡೆ ಹಿಡಿದು, ಹಿಸ್ಟೋಗ್ರಾಮ್ ಸುಮಾರು ನಡುವೆ ಬರುವ ಹಾಗೆ 25–30 ಫ್ರೇಮ್ ತೆಗೆಯಿರಿ.

ರೋಹಿಣಿ_27
ಬ್ಯಾಕ್‌ಗ್ರೌಂಡ್ ತೆಗೆಯುವಾಗ ಒಂದು ಎಚ್ಚರಿಕೆ. ಸಿರಿಲ್ ಚಿತ್ರದ ತುಂಬ ಚಿಕ್ಕ ಚಿಕ್ಕ ಸ್ಯಾಂಪಲ್ ಚೌಕಗಳನ್ನು ಇಡುತ್ತದೆ. ನೀಹಾರಿಕೆಯ ಮೇಲೆ ಬಿದ್ದವನ್ನು ಒಂದೊಂದಾಗಿ ತೆಗೆದುಹಾಕಿ. ಬಿಟ್ಟರೆ ಅದು ನೀಹಾರಿಕೆಯನ್ನೇ ಹೊಗೆ ಅಂದುಕೊಂಡು ಕಳೆಯುತ್ತದೆ. ಎಂ42ರ ಸುತ್ತ ಮಂಕಾದ ಧೂಳು ಬಹಳ ದೂರ ಹರಡಿದೆ. ಹಾಗಾಗಿ ಸ್ಯಾಂಪಲ್ ಕಡಿಮೆ ಇರಲಿ, ಪಾಲಿನಾಮಿಯಲ್ ಡಿಗ್ರಿ (ಹಿನ್ನೆಲೆಯ ಲೆಕ್ಕ ಎಷ್ಟು ಬಾಗಬಹುದು ಅನ್ನುವುದು) 1 ಸಾಕು. ನನ್ನ ಮೊದಲ ಕೃತ್ತಿಕೆ ಚಿತ್ರದಲ್ಲಿ ಡಿಗ್ರಿ 4 ಹಾಕಿ ಆ ನೀಲಿ ಧೂಳನ್ನೆಲ್ಲ ನಾನೇ ಅಳಿಸಿದ್ದೆ. ಎರಡು ವರ್ಷ ಆದಮೇಲೆ ಅದೇ ಡೇಟಾ ತೆರೆದಾಗ ಗೊತ್ತಾಯಿತು, ಧೂಳು ಅಲ್ಲೇ ಇತ್ತು.

ಇದಕ್ಕೂ ಮೊದಲು ಅಂಚನ್ನು ಕತ್ತರಿಸಿ. ಸ್ಟ್ಯಾಕಿಂಗ್‌ನಲ್ಲಿ ಫ್ರೇಮ್‌ಗಳು ಪೂರ್ತಿ ಹೊಂದದ ಅಂಚು ಲೆಕ್ಕವನ್ನು ಹಾಳುಮಾಡುತ್ತದೆ.

ಮೋಡ_ಸರಿಯಲಿ
ನಡುವಿನ ಬಿಳಿ ಮುದ್ದೆಗೆ ಯಾರೂ ಉತ್ತರ ಕೊಟ್ಟಿಲ್ಲ. ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಕರ್ವ್ಸ್ (ಹೊಳಪು ಹೊಂದಿಸುವ ಗೆರೆ) ತೆರೆದು ಮೇಲಿನ ತುದಿಯನ್ನು ಕೆಳಗೆ ಎಳೆಯಿರಿ, ಒಳಗಿನ ವಿವರ ಬರುತ್ತದೆ.

ಫೋಟಾನ್_ಬೇಟೆ
ಅಲ್ಲಿ ವಿವರ ಉಳಿದಿದ್ದರೆ ಮಾತ್ರ ಬರುತ್ತದೆ. ಸೆನ್ಸರ್‌ನಲ್ಲೇ ತುಂಬಿ ಹರಿದಿದ್ದರೆ ಕರ್ವ್ಸ್ ಎಳೆದು ಸಿಗುವುದು ಬಿಳಿಯ ಬದಲು ಬೂದು, ಅಷ್ಟೆ.

ಎರಡು ಸಾಧ್ಯತೆ ಇದೆ, ಮೊದಲು ಅದನ್ನು ಬೇರೆ ಮಾಡಿ. ಒಂದೇ ಒಂದು ಕಚ್ಚಾ ಫ್ರೇಮ್ ತೆರೆದು, ನಡುಭಾಗದ ಮೇಲೆ ಮೌಸ್ ಇಟ್ಟು ಪಿಕ್ಸೆಲ್ ಬೆಲೆ ಓದಿ. 14 ಬಿಟ್ ಕ್ಯಾಮೆರಾದಲ್ಲಿ ಗರಿಷ್ಠ 16,383. ಕೆಲವು ಕ್ಯಾಮೆರಾ ಅದಕ್ಕಿಂತ ಸ್ವಲ್ಪ ಕೆಳಗೇ ನಿಲ್ಲುತ್ತವೆ. ಅಕ್ಕಪಕ್ಕದ ಪಿಕ್ಸೆಲ್‌ಗಳೆಲ್ಲ ಒಂದೇ ಮೇಲಿನ ಸಂಖ್ಯೆಗೆ ಅಂಟಿಕೊಂಡಿದ್ದರೆ ಅಲ್ಲಿ ಮಾಹಿತಿ ಇಲ್ಲ. ಸಂಖ್ಯೆ ಬದಲಾಗುತ್ತಿದ್ದರೆ ಡೇಟಾ ಸರಿಯಿದೆ, ಸುಟ್ಟದ್ದು ನಿಮ್ಮ ಸ್ಟ್ರೆಚ್.

ಹೊಸಬೆಳಕು
ಈಗ ತಾನೇ ನೋಡಿದೆ. ನಡುಭಾಗದ ಟ್ರೆಪೀಜಿಯಂ ಅನ್ನುವ ನಾಲ್ಕು ನಕ್ಷತ್ರಗಳ ಸುತ್ತ ಚಿಕ್ಕ ಜಾಗದಲ್ಲಿ ಸಂಖ್ಯೆ ಅಲ್ಲಾಡುತ್ತಿಲ್ಲ. ಆದರೆ ಅದರ ಹೊರಗೆ, ನನ್ನ ಚಿತ್ರದಲ್ಲಿ ಪೂರ್ತಿ ಬಿಳಿ ಕಾಣುವ ಅಷ್ಟು ದೊಡ್ಡ ಭಾಗದಲ್ಲಿ, ಸಂಖ್ಯೆ ಬದಲಾಗುತ್ತಿದೆ! 9,000, 7,500, 6,000 ಹೀಗೆ.

ಫೋಟಾನ್_ಬೇಟೆ
ನೋಡಿ, ಮುದ್ದೆಯ ಬಹುಪಾಲು ನಿಮ್ಮ ಕೈಯಲ್ಲೇ ಇದೆ.

ಒಂದೇ ಏಟಿಗೆ ಹಿಸ್ಟೋಗ್ರಾಮ್ ಎಳೆಯಬೇಡಿ. ಸಿರಿಲ್‌ನ ಜನರಲೈಸ್ಡ್ ಹೈಪರ್‌ಬಾಲಿಕ್ ಸ್ಟ್ರೆಚ್ ಬಳಸಿ. ಎಲ್ಲಿ ಹೆಚ್ಚು ಹಿಗ್ಗಿಸಬೇಕು ಅನ್ನುವ ಬಿಂದುವನ್ನು ನೀವೇ ಆರಿಸಬಹುದು, ಹೊಳೆಯುವ ಭಾಗಕ್ಕೆ ರಕ್ಷಣೆ ಕೊಡಬಹುದು. ಮೂರ್ನಾಲ್ಕು ಸಲ, ಪ್ರತಿಸಲ ಸ್ವಲ್ಪ ಸ್ವಲ್ಪ. ನಡುಭಾಗ ಬಿಳುಪಾಗಲು ಶುರುವಾದ ಕ್ಷಣ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಬನ್ನಿ.

ಟ್ರೆಪೀಜಿಯಂಗೆ ಮಾತ್ರ ಮುಂದಿನ ರಾತ್ರಿ 5 ಸೆಕೆಂಡಿನ 30 ಫ್ರೇಮ್, 15 ಸೆಕೆಂಡಿನ 30 ಫ್ರೇಮ್ ತೆಗೆಯಿರಿ. ಬೇರೆಯಾಗಿ ಸ್ಟ್ಯಾಕ್ ಮಾಡಿ, ಮಾಸ್ಕ್ (ಯಾವ ಭಾಗ ಯಾವ ಚಿತ್ರದಿಂದ ಬರಬೇಕು ಅನ್ನುವ ಮುಸುಕು) ಹಾಕಿ ಸೇರಿಸಿ. ಹತ್ತೇ ನಿಮಿಷದ ಕೆಲಸ. 400 ಎಂಎಂನಲ್ಲಿ ನಾಲ್ಕೂ ನಕ್ಷತ್ರ ಬಿಡಿಯಾಗಿ ಸಿಗಬೇಕು.

ಮೋಡ_ಸರಿಯಲಿ
ಸರಿ, ನನ್ನ ಸಲಹೆ ವಾಪಸ್ ತೆಗೆದುಕೊಂಡೆ. ನನ್ನ ಹಳೆಯ ಎಂ42 ಫ್ರೇಮ್‌ಗಳನ್ನೂ ಇವತ್ತೇ ಹೀಗೆ ಪರೀಕ್ಷೆ ಮಾಡುತ್ತೇನೆ.

ಕಪ್ಪುಬಿಂದು
ಇಷ್ಟೆಲ್ಲ ಯಾಕೆ? ಹಿನ್ನೆಲೆ ತೆಗೆಯಲು ಗ್ರಾಕ್ಸ್‌ಪರ್ಟ್ ಇದೆ, ನಕ್ಷತ್ರ ತೆಗೆಯಲು ಸ್ಟಾರ್‌ನೆಟ್ ಇದೆ, ಎಐ ಡಿನಾಯ್ಸ್ ಇದೆ, ಎಐ ಶಾರ್ಪನಿಂಗ್ ಇದೆ. ಹೊಸಬರು ನೇರ ಅಲ್ಲಿಂದಲೇ ಶುರು ಮಾಡಲಿ. ಹತ್ತು ನಿಮಿಷದಲ್ಲಿ ಚೆಂದದ ಚಿತ್ರ ಬಂದರೆ ಹುಮ್ಮಸ್ಸು ಉಳಿಯುತ್ತದೆ. ಎಷ್ಟೋ ಜನ ಈ ಪ್ರೊಸೆಸಿಂಗ್ ಗೋಜಲಿಗೇ ಹವ್ಯಾಸ ಬಿಟ್ಟಿದ್ದಾರೆ.

ಸದ್ದುಗದ್ದಲ
ಹುಮ್ಮಸ್ಸಿನ ಮಾತು ಸರಿ. ಆದರೆ ಕಡಿಮೆ ಡೇಟಾಗೆ ಎಐ ಡಿನಾಯ್ಸ್ ಜೋರಾಗಿ ಹಾಕಿದರೆ ನೀಹಾರಿಕೆ ಮೇಣದಲ್ಲಿ ಮಾಡಿದ ಹಾಗೆ ಕಾಣುತ್ತದೆ. ಶಾರ್ಪನಿಂಗ್ ಹಾಕಿದರೆ ನಾಯ್ಸ್ ಗಂಟುಗಳೇ ಎಳೆ ಎಳೆಯಾಗಿ ಬೆಳೆದು ನಿಲ್ಲುತ್ತವೆ. ಆಕಾಶದಲ್ಲಿ ಇಲ್ಲದ ಎಳೆಗಳು. ನನಗೆ ಅದು ಫೋಟೋ ಅಲ್ಲ.

ಕಪ್ಪುಬಿಂದು
ಎಲ್ಲ ಎಐ ಸಾಧನಗಳೂ ಚಿತ್ರ ಸೃಷ್ಟಿಸುವುದಿಲ್ಲ. ನಕ್ಷತ್ರ ತೆಗೆಯುವುದಕ್ಕೂ ಇಲ್ಲದ್ದನ್ನು ಬಿಡಿಸುವುದಕ್ಕೂ ವ್ಯತ್ಯಾಸ ಇಲ್ವಾ?

ರೋಹಿಣಿ_27
ನಕ್ಷತ್ರ ತೆಗೆದಾಗಲೂ ಅದರ ಹಿಂದೆ ಏನಿತ್ತು ಅಂತ ಸಾಧನ ಊಹಿಸಿ ತುಂಬುತ್ತದೆ. ಅದೂ ಊಹೆಯೇ. ಆದರೂ ನಾನು ಬಳಸುತ್ತೇನೆ. ನಕ್ಷತ್ರವನ್ನು ಬೇರೆ ಮಾಡಿ, ನೀಹಾರಿಕೆಯನ್ನು ಹೆಚ್ಚು, ನಕ್ಷತ್ರವನ್ನು ಕಡಿಮೆ ಸ್ಟ್ರೆಚ್ ಮಾಡಿ, ಮತ್ತೆ ಸ್ಕ್ರೀನ್ ಬ್ಲೆಂಡ್‌ನಲ್ಲಿ ಸೇರಿಸುತ್ತೇನೆ. ನಕ್ಷತ್ರಗಳ ಬಣ್ಣ ಉಳಿಯುತ್ತದೆ. ಆ ಊಹಿಸಿದ ಜಾಗದ ಮೇಲೆ ಅದೇ ನಕ್ಷತ್ರ ವಾಪಸ್ ಕೂರುತ್ತದೆ, ಹಾಗಾಗಿ ನನಗೆ ಒಪ್ಪಿಗೆ.

ನನ್ನ ಗೆರೆ ಇದು: ಸಾಧನ ತೋರಿಸಿದ ವಿವರ ಮೂಲ ಸ್ಟ್ಯಾಕ್‌ನಲ್ಲಿ ಮಂಕಾಗಿಯಾದರೂ ಇರಬೇಕು. ಹಿಂದೆ ಮುಂದೆ ಬದಲಿಸಿ ನೋಡುತ್ತೇನೆ. ಇಲ್ಲದಿದ್ದರೆ ತೆಗೆಯುತ್ತೇನೆ.

ಗಣಿತದ_ಮೇಷ್ಟ್ರು
ಈ ಗೆರೆ ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ. ಆಂಡ್ರೊಮಿಡ ಗ್ಯಾಲಕ್ಸಿಗಿಂತ ಹೆಚ್ಚು ಫೋಟೋ ತೆಗೆಸಿಕೊಂಡ ಗ್ಯಾಲಕ್ಸಿ ಸಿಗುವುದು ಕಷ್ಟ. ಅದರ ಪಕ್ಕದಲ್ಲೇ ಆಮ್ಲಜನಕದ ಬೆಳಕಿನ ಒಂದು ದೊಡ್ಡ ಕಮಾನು ಇದೆ ಅಂತ ಹವ್ಯಾಸಿಗಳು 2022ರಲ್ಲಿ ಕಂಡುಹಿಡಿದರು, ಪ್ರಕಟವಾದದ್ದು 2023ರ ಜನವರಿಯಲ್ಲಿ. 100 ಗಂಟೆಗೂ ಹೆಚ್ಚು ಎಕ್ಸ್‌ಪೋಷರ್ ಬೇಕಾಯಿತು. ಮೊದಲು ಕಂಡಾಗ ಅದು ಪ್ರತಿಫಲನವೋ ಪ್ರೊಸೆಸಿಂಗ್ ದೋಷವೋ ಅಂತ ಅನುಮಾನ ಬರುವುದು ಸಹಜ. ಬೇರೆ ಟೆಲಿಸ್ಕೋಪ್, ಬೇರೆ ಕ್ಯಾಮೆರಾಗಳಲ್ಲೂ ಕಂಡ ಮೇಲೆಯೇ ಅದು ನಿಂತದ್ದು. ಅವರ ಡೇಟಾದಲ್ಲಿ ಊಹೆ ಬೆರೆತಿದ್ದರೆ ಯಾರು ನಂಬುತ್ತಿದ್ದರು?

ಕಪ್ಪುಬಿಂದು
ಈ ವಾದ ನನಗೆ ತಟ್ಟಿತು ಮೇಷ್ಟ್ರೇ. ಆದರೂ ಹೊಸಬರ ಹುಮ್ಮಸ್ಸಿನ ಬಗ್ಗೆ ಹೇಳಿದ್ದನ್ನು ಬಿಡುವುದಿಲ್ಲ. ಮೊದಲ ಚಿತ್ರ ಚೆಂದ ಬರಲಿ, ಗೆರೆ ಎಳೆಯುವುದು ಎರಡನೆಯ ಚಿತ್ರಕ್ಕೆ.

ಉಲ್ಕೆ
ನಡುವೆ ಬರುತ್ತಿದ್ದೇನೆ. ಬಣ್ಣ ನಿಜವಾಗಿರಬೇಕು ಅನ್ನುತ್ತಿದ್ದೀರಿ. ಹಾಗಾದರೆ ಹಬಲ್ ಚಿತ್ರಗಳ ಬಣ್ಣ? ಈಗಲ್ ನೀಹಾರಿಕೆಯ ಆ ಕಂಬಗಳು ಕಣ್ಣಿಗೆ ಹಾಗೆ ಕಾಣುವುದಿಲ್ಲವಲ್ಲ.

ರೋಹಿಣಿ_27
ಒಳ್ಳೆಯ ಪ್ರಶ್ನೆ. 1995ರ ಆ ಚಿತ್ರದಲ್ಲಿ ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ಹೈಡ್ರೋಜನ್ ಆಲ್ಫಾ 656 ನ್ಯಾನೊಮೀಟರ್, ಗಂಧಕ ಸುಮಾರು 672. ಕಣ್ಣಿಗೆ ಎರಡೂ ಕೆಂಪೇ. ಹಾಗೇ ಬಿಟ್ಟರೆ ಯಾವ ಅನಿಲ ಎಲ್ಲಿದೆ ಅಂತ ಬೇರೆ ಮಾಡಲು ಆಗುವುದಿಲ್ಲ. ಬಣ್ಣವನ್ನು ಹಂಚಿದ್ದು ಬೇರೆ ರೀತಿ, ಆದರೆ ಪ್ರತಿ ಬಣ್ಣದ ಹಿಂದೆ ಅಳೆದ ಬೆಳಕಿದೆ. ಹಂಚಿಕೆ ಹೇಗೆ ಅಂತ ಹೇಳಿಬಿಟ್ಟರೆ ನನ್ನ ತಕರಾರಿಲ್ಲ.

ಉಲ್ಕೆ
ನನ್ನ ಡಿಎಸ್‌ಎಲ್‌ಆರ್‌ನಲ್ಲಿ ರೋಸೆಟ್ ನೀಹಾರಿಕೆ ಕೆಂಪಾಗಿ ಬರುವುದೇ ಇಲ್ಲ. ಅದೂ ಪ್ರೊಸೆಸಿಂಗ್ ತಪ್ಪಾ?

ಅಮಾವಾಸ್ಯೆ_ಪ್ರಿಯ
ತಪ್ಪಲ್ಲ. ಮಾರ್ಪಾಡು ಮಾಡದ ಕ್ಯಾಮೆರಾದ ಒಳಗಿನ ಫಿಲ್ಟರ್ 656ರ ಬೆಳಕಿನ ಬಹುಪಾಲನ್ನು ತಡೆಯುತ್ತದೆ. ಎಂ42 ತುಂಬ ಪ್ರಕಾಶಮಾನ, ಹಾಗಾಗಿ ಉಳಿದಷ್ಟರಲ್ಲೇ ಕಾಣುತ್ತದೆ. ರೋಸೆಟ್‌ಗೆ ಗಂಟೆಗಟ್ಟಲೆ ಬೇಕು, ಇಲ್ಲವೇ ಫಿಲ್ಟರ್ ತೆಗೆಸಿದ ಕ್ಯಾಮೆರಾ ಬೇಕು. ಸ್ಯಾಚುರೇಶನ್ ಎಳೆದರೆ ನಾಯ್ಸ್ ಮಾತ್ರ ಕೆಂಪಾಗುತ್ತದೆ.

ದೂರದರ್ಶಕ_ಅಜ್ಜ
ಎರಡು ಗಂಟೆ ಸಾಲದು ಅನ್ನುವವರಿಗೆ ಒಂದು ಸಂಗತಿ. ಇದೇ ಎಂ42ರ ಮೊದಲ ಫೋಟೋ ತೆಗೆದದ್ದು ಹೆನ್ರಿ ಡ್ರೇಪರ್, 1880ರ ಸೆಪ್ಟೆಂಬರ್ 30ರಂದು. ಒಂದೇ ಪ್ಲೇಟ್, 51 ನಿಮಿಷ. ಸ್ಟ್ಯಾಕಿಂಗ್ ಇಲ್ಲ, ಸ್ಟ್ರೆಚ್ ಇಲ್ಲ. ನೀಹಾರಿಕೆಯ ನಡುಭಾಗ ಮಾತ್ರ ಮಸುಕಾಗಿ ಮೂಡಿತ್ತು. ಈಗ ನಿಮ್ಮ ಕಂಪ್ಯೂಟರಿನಲ್ಲಿ ಕೂತಿರುವ ಡೇಟಾ ಅವರ ಕೈಗೆ ಸಿಕ್ಕಿದ್ದರೆ ವರ್ಷಗಟ್ಟಲೆ ನೋಡುತ್ತಿದ್ದರು. ಆತುರ ಬೇಡ ಮಗು.

ಹೊಸಬೆಳಕು
ಅಜ್ಜಾ, ಇದನ್ನು ಬರೆದು ಮಾನಿಟರ್ ಪಕ್ಕ ಅಂಟಿಸಿಕೊಂಡಿದ್ದೇನೆ.

ಈಗ ಹೆಜ್ಜೆಗಳನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಅಂಚು ಕತ್ತರಿಸುವುದು, ಬ್ಯಾಕ್‌ಗ್ರೌಂಡ್ ತೆಗೆಯುವುದು, ಕಲರ್ ಕ್ಯಾಲಿಬ್ರೇಶನ್, ಸ್ಟ್ರೆಚ್, ಆಮೇಲೆ ನಾಯ್ಸ್, ಕೊನೆಗೆ ಸ್ಯಾಚುರೇಶನ್.

ಫೋಟಾನ್_ಬೇಟೆ
ನಾಯ್ಸ್ ಕಡಿಮೆ ಮಾಡುವುದನ್ನು ಸ್ಟ್ರೆಚ್‌ಗೆ ಮೊದಲು ತನ್ನಿ. ಡಿಕನ್ವಲ್ಯೂಷನ್ (ಚಿತ್ರದ ಮಸುಕು ತಿದ್ದುವ ಲೆಕ್ಕ) ಮಾಡುವುದಿದ್ದರೆ ಅದಕ್ಕೂ ಮೊದಲು. ಉಳಿದದ್ದು ಸರಿ.

ಸದ್ದುಗದ್ದಲ
ನಾನು ನಾಯ್ಸ್ ಅನ್ನು ಎರಡು ಕಡೆ ಹಂಚುತ್ತೇನೆ. ಮೊದಲು ಸ್ವಲ್ಪ, ಸ್ಟ್ರೆಚ್ ಆದಮೇಲೆ ಬಣ್ಣದ ನಾಯ್ಸ್‌ಗೆ ಇನ್ನು ಸ್ವಲ್ಪ. ಎರಡೂ ನಡೆಯುತ್ತದೆ.

ರೋಹಿಣಿ_27
ಕಲರ್ ಕ್ಯಾಲಿಬ್ರೇಶನ್ ಆದ ಲೀನಿಯರ್ ಫೈಲನ್ನು 32 ಬಿಟ್ ಫಿಟ್ಸ್ (ಖಗೋಳ ಚಿತ್ರಗಳ ಫೈಲ್ ಮಾದರಿ) ಆಗಿ ಬೇರೆ ಇಟ್ಟುಕೊಳ್ಳಿ. ಅದರ ಮೇಲೆ ಏನನ್ನೂ ಸೇವ್ ಮಾಡಬೇಡಿ. 8 ಬಿಟ್ ಜೆಪಿಜಿಯಲ್ಲಿ ಒಂದು ಚಾನೆಲ್‌ಗೆ ಇರುವುದು 256 ಮೆಟ್ಟಿಲು. ಅದನ್ನು ಹಿಗ್ಗಿಸಿದರೆ ಮೆಟ್ಟಿಲುಗಳೇ ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಜೆಪಿಜಿ ಹಂಚಿಕೊಳ್ಳಲು ಮಾತ್ರ.

ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಬಾಕಿ ಇದೆ. ‘ಸರಿ’ಯಾದ ಚಿತ್ರ ಒಂದೇ ಅಲ್ಲ, ಆದರೆ ತಪ್ಪು ಗುರುತಿಸಬಹುದು. ಹಿನ್ನೆಲೆ ಇದ್ದಿಲಿನಂತೆ ಇದ್ದರೆ ಬ್ಲ್ಯಾಕ್ ಪಾಯಿಂಟ್ (ಇದಕ್ಕಿಂತ ಕೆಳಗಿನದೆಲ್ಲ ಕಪ್ಪು ಅನ್ನುವ ಮಿತಿ) ಮಂಕು ಧೂಳನ್ನು ಕತ್ತರಿಸಿದೆ. ಎಷ್ಟು ಪಿಕ್ಸೆಲ್ ಕಳೆದುಹೋಯಿತು ಅಂತ ಹಿಸ್ಟೋಗ್ರಾಮ್ ಸಾಧನವೇ ಶೇಕಡಾವಾರು ತೋರಿಸುತ್ತದೆ. ರಾತ್ರಿಯ ಆಕಾಶ ಪೂರ್ತಿ ಕಪ್ಪಲ್ಲ, ಗಾಢ ಬೂದು ಇರಲಿ. ನಕ್ಷತ್ರಗಳೆಲ್ಲ ಬಿಳಿಯಾಗಿದ್ದರೆ ಸ್ಟ್ರೆಚ್ ಜಾಸ್ತಿಯಾಗಿದೆ. ಈ ಎರಡು ತಪ್ಪು ಇಲ್ಲದಿದ್ದರೆ ಉಳಿದದ್ದು ನಿಮ್ಮ ರುಚಿ. ಮುಗಿಸಿದ ರಾತ್ರಿಯೇ ಹಾಕಬೇಡಿ, ಬೆಳಗ್ಗೆ ಎದ್ದು ನೋಡಿ. ಮೂರು ಗಂಟೆ ನೋಡಿದ ಕಣ್ಣಿಗೆ ಯಾವ ಬಣ್ಣವೂ ಸರಿಯೇ ಅನ್ನಿಸುತ್ತದೆ.

ಮೋಡ_ಸರಿಯಲಿ
ಫೋನಿನಲ್ಲೂ ಒಮ್ಮೆ ನೋಡಿ. ನನ್ನ ಮಾನಿಟರ್ ಹೊಳಪು ಜಾಸ್ತಿ ಇತ್ತು ಅಂತ ನನಗೆ ತಿಳಿದದ್ದೇ ಹಾಗೆ.

ಹೊಸಬೆಳಕು
ಹನ್ನೊಂದು ದಿನ ಆದಮೇಲೆ ಬರುತ್ತಿದ್ದೇನೆ. ಮೋಡ ಸರಿಯಲು ಅಷ್ಟು ದಿನ ಬೇಕಾಯಿತು.

ಹಳೆಯ ಎರಡು ಗಂಟೆಯ ಡೇಟಾ ಹಾಗೇ ಇಟ್ಟುಕೊಂಡೆ. ಅದಕ್ಕೆ ಫ್ಲ್ಯಾಟ್ ಇಲ್ಲದ ಕಾರಣ ಮೂಲೆ ಕತ್ತಲನ್ನು ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್‌ನಲ್ಲೇ ಆದಷ್ಟು ತೆಗೆದು, ಉಳಿದದ್ದನ್ನು ಕತ್ತರಿಸಿದೆ. ಹಸಿರು ಬಟನ್ ಮುಟ್ಟಲಿಲ್ಲ. ಕಲರ್ ಕ್ಯಾಲಿಬ್ರೇಶನ್ ಆದ ಕೂಡಲೇ ಹಸಿರು ತಾನೇ ಹೋಯಿತು. ನಡುಭಾಗದಲ್ಲಿ ಮಾತ್ರ ತೆಳುವಾಗಿ ಹಸಿರು-ನೀಲಿ ಉಳಿಯಿತು. ಅಜ್ಜ ಹೇಳಿದ್ದು ಅದೇ ಅಲ್ವಾ? ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಸ್ಟ್ರೆಚ್ ಐದು ಸಲ, ಚಿಕ್ಕ ಚಿಕ್ಕದಾಗಿ. ನಿನ್ನೆ ರಾತ್ರಿ 5 ಸೆಕೆಂಡಿನ ಫ್ರೇಮ್‌ಗಳನ್ನೂ ತೆಗೆದೆ. ಸ್ಟ್ಯಾಕ್ ಮಾಡಿ ದೊಡ್ಡದು ಮಾಡಿದಾಗ ನಾಲ್ಕು ನಕ್ಷತ್ರ, ಬಿಡಿಬಿಡಿಯಾಗಿ. ಮುದ್ದೆಯ ಜಾಗದಲ್ಲಿ ಈಗ ಮಡಿಕೆ ಮಡಿಕೆಯಾದ ಮೋಡಗಳಿವೆ. ಇವೆಲ್ಲ ಮೊದಲಿನಿಂದ ಆ ಫೈಲ್‌ನಲ್ಲೇ ಇತ್ತು ಅಂದರೆ ಇನ್ನೂ ನಂಬಲು ಆಗುತ್ತಿಲ್ಲ.

ಒಂದು ತೊಂದರೆ ಉಳಿದಿದೆ. 5 ಸೆಕೆಂಡಿನದನ್ನೂ 60 ಸೆಕೆಂಡಿನದನ್ನೂ ಸೇರಿಸಿದ ಕಡೆ ಬೂದು ಬಣ್ಣದ ಒಂದು ಉಂಗುರ ಕಾಣುತ್ತಿದೆ.

ಕಪ್ಪುಬಿಂದು
ಚಿತ್ರ ನೋಡಿದೆ. ಆ ಹಸಿರು-ನೀಲಿ ಚೆನ್ನಾಗಿದೆ, ನಿಜವಾಗಲೂ ಚೆನ್ನಾಗಿದೆ. ನನ್ನ ಹಳೆಯ ಎಂ42 ಅನ್ನು ಇವತ್ತು ಮತ್ತೆ ತೆರೆಯುತ್ತೇನೆ.

ಫೋಟಾನ್_ಬೇಟೆ
ಉಂಗುರ ಬರುವುದು ಮಾಸ್ಕ್‌ನ ಅಂಚು ಗಡುಸಾಗಿದ್ದರೆ. ಮಾಸ್ಕನ್ನು ಇನ್ನೂ ಅಗಲವಾಗಿ ಬ್ಲರ್ ಮಾಡಿ. ಸೇರಿಸುವ ಮೊದಲು, ಸೇರುವ ಅಂಚಿನಲ್ಲಿ ಎರಡೂ ಚಿತ್ರದ ಹೊಳಪು ಒಂದೇ ಇದೆಯಾ ಅಂತ ಪಿಕ್ಸೆಲ್ ಬೆಲೆ ಓದಿ ನೋಡಿ.

ಹೊಸಬೆಳಕು
ಓದಿದೆ. 0ರಿಂದ 1ರ ಅಳತೆಯಲ್ಲಿ ಒಂದರಲ್ಲಿ 0.62, ಇನ್ನೊಂದರಲ್ಲಿ 0.48. 0.48 ಇರುವುದನ್ನು ಸ್ವಲ್ಪ ಮೇಲೆತ್ತಿ ಮತ್ತೆ ಸೇರಿಸುತ್ತೇನೆ.